ದರಗಿನ ಬುಟ್ಟಿಯಲ್ಲಿ ಬರುವ ಜ್ವರ

ಸಂಕ್ರಾಂತಿ ಕಳೆಯುವ ಹೊತ್ತಿಗೆ ಮಲೆನಾಡಿನ ಕಾಡಿನ ನೆಲ ಎಲೆಗಳಿಂದ ಮುಚ್ಚಿಹೋಗಿರುತ್ತದೆ. ಒಣಗಿ ಉದುರಿದ ಈ ಎಲೆಯನ್ನು ಅಲ್ಲಿನ ಜನ ದರಗು ಎನ್ನುತ್ತಾರೆ. ಬಿಸಿಲೇರುವ ಮೊದಲೇ ಹೆಂಗಸರು ದೊಡ್ಡ ಬುಟ್ಟಿಗಳನ್ನು ಹೊತ್ತು ಕಾಡಿಗೆ ನಡೆಯುತ್ತಾರೆ. ಇಬ್ಬನಿಗೆ ನೆನೆದ ಎಲೆ ಪುಡಿಯಾಗುವುದಿಲ್ಲ. ಬುಟ್ಟಿಯಲ್ಲಿ ಒತ್ತಿ ತುಂಬಬಹುದು. ಆ ಎಲೆ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗುತ್ತದೆ. ಸಗಣಿ, ಗಂಜಲ ಹೀರಿ ಗೊಬ್ಬರವಾಗುತ್ತದೆ. ಗೊಬ್ಬರ ಅಡಿಕೆ ತೋಟಕ್ಕೂ ಗದ್ದೆಗೂ ಹೋಗುತ್ತದೆ. ಪೇಟೆಯ ಮಂಡಿಗೆ ಬರುವ ಕೆಂಪಡಿಕೆಯ ಹಿಂದೆ ಹೀಗೆ ಕಾಡಿನ ದರಗೂ ಇದೆ, ಅದನ್ನು ಹೊತ್ತು ತಂದವರ ತಲೆಯೂ ಇದೆ.

ಕೆಲವು ವರ್ಷ ಅದೇ ಬುಟ್ಟಿಯಲ್ಲಿ ಇನ್ನೊಂದು ಜೀವಿಯೂ ಊರಿಗೆ ಬರುತ್ತದೆ. ಎಳ್ಳುಕಾಳಿಗಿಂತ ಚಿಕ್ಕದು, ಎಂಟು ಕಾಲಿನದು, ಕಚ್ಚಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಅದು ಉಣುಗಿನ ಮರಿ.

ಸೋಂಕಿರುವ ಉಣುಗು ಕಚ್ಚಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ ಏರುತ್ತದೆ. ಹಣೆ ಸಿಡಿಯುವಂಥ ತಲೆನೋವು, ಮೈಕೈಗಳಲ್ಲಿ ತಡೆಯಲಾರದ ನೋವು, ವಾಂತಿ. ಕೆಲವರಿಗೆ ಮೂಗಿನಿಂದ, ಒಸಡಿನಿಂದ ರಕ್ತ ಬರುತ್ತದೆ. ಜ್ವರ ಇಳಿದು ಗುಣವಾಯಿತು ಎಂದು ನಿಟ್ಟುಸಿರು ಬಿಟ್ಟವರಲ್ಲಿ ಕೆಲವರಿಗೆ ಒಂದೆರಡು ವಾರದಲ್ಲಿ ಅದು ಮರಳಿ ಬರುತ್ತದೆ. ಆಗ ಮಿದುಳಿಗೂ ತಾಕಿ ನಡುಕ, ಮಂಪರು ಕಾಣಿಸಬಹುದು. ಕಾಯಿಲೆಯಾದ ನೂರು ಜನರಲ್ಲಿ 3ರಿಂದ 5 ಮಂದಿ ಉಳಿಯುವುದಿಲ್ಲ. ಇದರ ವೈರಸ್ಸನ್ನು ನೇರವಾಗಿ ಕೊಲ್ಲುವ ಔಷಧಿ ಇಲ್ಲ. ದೇಹದಲ್ಲಿ ನೀರು ಆರದಂತೆ, ರಕ್ತಸ್ರಾವ ಕೈಮೀರದಂತೆ ಆಸ್ಪತ್ರೆಯಲ್ಲಿ ನೋಡಿಕೊಳ್ಳುವುದೇ ಚಿಕಿತ್ಸೆ. ಆದ್ದರಿಂದ ಬೇಗ ಆಸ್ಪತ್ರೆ ಸೇರಿದವನಿಗೂ ತಡವಾಗಿ ಸೇರಿದವನಿಗೂ ಬಹಳ ವ್ಯತ್ಯಾಸವಿದೆ.

ಜನ ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ವೈದ್ಯರ ಪುಸ್ತಕದಲ್ಲಿ ಇದು ಕ್ಯಾಸನೂರು ಕಾಡಿನ ಕಾಯಿಲೆ.

ಅಪರಾಧಿಯ ಹುಡುಕಾಟ

1957ರ ಬೇಸಿಗೆ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ಜನರೂ ಜ್ವರ ಹಿಡಿದು ಮಲಗಿದರು. ಮೊದಲಿಗೆ ಅದನ್ನು ವಿಷಮಶೀತಜ್ವರವೆಂದು ತಿಳಿಯಲಾಗಿತ್ತು. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ತಲುಪಿದಾಗ ಅಲ್ಲಿನ ವಿಜ್ಞಾನಿಗಳಿಗೆ ಗಾಬರಿಯಾಯಿತು. ಕಾಡಿನ ಮಂಗಗಳನ್ನೂ ಮನುಷ್ಯರನ್ನೂ ಒಟ್ಟಿಗೆ ಕೊಲ್ಲುವ ಹಳದಿ ಜ್ವರ ದಕ್ಷಿಣ ಅಮೆರಿಕದಲ್ಲಿತ್ತು. ಏಷ್ಯಾಕ್ಕೆ ಅದು ಎಂದೂ ಬಂದಿರಲಿಲ್ಲ. ಅದೇ ಬಂದುಬಿಟ್ಟಿತೆ?

ಆ ಕೇಂದ್ರದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ಕಾಡು ಹೊಕ್ಕರು. ಮಂಗಗಳಿಂದ ಸಿಕ್ಕ ವೈರಸ್ ಹಳದಿ ಜ್ವರದ್ದಾಗಿರಲಿಲ್ಲ. ಅದು ಹೊಸದು, ಅದರ ಹತ್ತಿರದ ನೆಂಟರು ಇದ್ದದ್ದು ರಷ್ಯಾದ ಕಾಡುಗಳಲ್ಲಿ, ಅಲ್ಲಿನ ಉಣುಗುಗಳ ಮೈಯಲ್ಲಿ. ಹಾಗಾದರೆ ಸೈಬೀರಿಯಾದಿಂದ ಹಾರಿಬರುವ ವಲಸೆ ಹಕ್ಕಿಗಳೇ ಇದನ್ನು ತಂದಿರಬಹುದೆ ಎಂಬ ಶಂಕೆ ಹುಟ್ಟಿತು. ಪ್ರಸಿದ್ಧ ಪಕ್ಷಿತಜ್ಞ ಸಲೀಂ ಅಲಿ ಅವರ ನೇತೃತ್ವದಲ್ಲಿ ಸಾವಿರಾರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ನಡೆಯಿತು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ನೆರವೂ ಸಿಕ್ಕಿತು. ಹಕ್ಕಿಗಳ ಬಗ್ಗೆ ಎಷ್ಟೋ ಹೊಸ ಸಂಗತಿ ತಿಳಿಯಿತು. ಹಕ್ಕಿಯೇ ಈ ರೋಗವನ್ನು ತಂದಿತೆಂಬುದು ಮಾತ್ರ ಸಾಬೀತಾಗಲಿಲ್ಲ.

ಎಲ್ಲರೂ ಆಕಾಶ ನೋಡುತ್ತಿದ್ದಾಗ ಕೊಲಂಬಿಯಾ ದೇಶದ ವಿಜ್ಞಾನಿ ಹೊರ್ಹೆ ಬೊಷೆಲ್ ನೆಲ ನೋಡಿದರು. 1969ರಲ್ಲಿ ಪ್ರಕಟವಾದ ಅವರ ವಾದ ಸರಳವಾಗಿತ್ತು. ಜನಸಂಖ್ಯೆ ಬೆಳೆಯಿತು, ಕಾಡನ್ನು ಕಡಿದು ಗದ್ದೆ ಮಾಡಿದರು, ದನಗಳು ಹೆಚ್ಚಿದವು, ಅವು ಮೇಯಲು ಕಾಡಿಗೇ ಹೋದವು. ದಟ್ಟ ಕಾಡಿನಲ್ಲಿ ದೊಡ್ಡ ಪ್ರಾಣಿಗಳು ವಿರಳವಾದ್ದರಿಂದ ಬೆಳೆದ ಉಣುಗಿಗೆ ಹೊಟ್ಟೆ ತುಂಬ ರಕ್ತ ಸಿಗುವುದು ಕಷ್ಟ. ದನದ ಮಂದೆ ಒಳಗೆ ಬಂದರೆ ಅದಕ್ಕೆ ಹಬ್ಬದೂಟ! ವೈರಸ್ ಕಾಡಿನಲ್ಲಿ ಮೊದಲಿನಿಂದಲೂ ಸದ್ದಿಲ್ಲದೆ ಇದ್ದಿರಬಹುದು. ಅದು ಊರಿಗೆ ಬರಲು ದಾರಿ ಆದದ್ದು ಬದಲಾದ ಬದುಕಿನಿಂದ ಎಂಬುದು ಅವರ ವಾದದ ತಿರುಳು.

ಉಣುಗಿನ ಪಂಚಾಂಗ

ಈ ಉಣುಗಿನ ಹೆಸರು ಹೀಮಫೈಸಾಲಿಸ್ ಸ್ಪಿನಿಜೆರಾ. ಹೆಸರು ಉದ್ದವಾದರೂ ಅದರ ಊಟ ಮಾತ್ರ ಜೀವಮಾನದಲ್ಲಿ ಮೂರೇ ಸಲ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ಒಮ್ಮೆ ರಕ್ತ ಕುಡಿದು ಕೆಳಗುದುರಿ ಪೊರೆ ಕಳಚುತ್ತದೆ. ಎಂಟು ಕಾಲಿನ ಎರಡನೇ ಹಂತದ ಮರಿಯಾಗುತ್ತದೆ. ಅದು ಇನ್ನೊಂದು ಪ್ರಾಣಿಯನ್ನು ಹುಡುಕಿ ರಕ್ತ ಕುಡಿದು ಮತ್ತೆ ಉದುರುತ್ತದೆ, ಬೆಳೆದ ಉಣುಗಾಗುತ್ತದೆ. ಅದು ಮೂರನೇ ಸಲ, ಹೆಚ್ಚಾಗಿ ದನದಂಥ ದೊಡ್ಡ ಪ್ರಾಣಿಯ ರಕ್ತ ಕುಡಿದು ಮೊಟ್ಟೆಯಿಟ್ಟು ಸಾಯುತ್ತದೆ. ಒಂದು ಹಂತದಲ್ಲಿ ಹೊಟ್ಟೆಗೆ ಹೋದ ವೈರಸ್ ಪೊರೆ ಕಳಚಿದರೂ ಹೋಗುವುದಿಲ್ಲ. ಮುಂದಿನ ಹಂತಕ್ಕೂ ಉಳಿದುಕೊಳ್ಳುತ್ತದೆ.

ಇಲಿ, ಹೆಗ್ಗಣಗಳಂಥ ನೆಲದ ಪ್ರಾಣಿಗಳಲ್ಲಿ ವೈರಸ್ ಸದ್ದಿಲ್ಲದೆ ಸುತ್ತುತ್ತಿರುತ್ತದೆ. ಮಂಗಕ್ಕೆ ತಗುಲಿದರೆ ಮಾತ್ರ ಅದು ಜೋರಾಗಿ ಬೆಳೆಯುತ್ತದೆ. ಮಂಗ ಸತ್ತಾಗ ಮೈಮೇಲಿನ ಉಣುಗುಗಳೆಲ್ಲ ಅಲ್ಲೇ ಉದುರುತ್ತವೆ. ಆ ಜಾಗ ಸೋಂಕಿನ ಗೂಡಾಗುತ್ತದೆ. ಮಂಗ ಇಲ್ಲಿ ಅಪರಾಧಿಯಲ್ಲ. ಅದು ಮೊದಲ ರೋಗಿ. ಊರಿಗೆಲ್ಲ ಮೊದಲೇ ಸುದ್ದಿ ಮುಟ್ಟಿಸಿ ಸಾಯುವ ಪಾಪದ ಪ್ರಾಣಿ.

ಈಗ ಪಂಚಾಂಗ ನೋಡಬೇಕು. ಮಳೆಗಾಲದಲ್ಲಿ ಬೆಳೆದ ಉಣುಗುಗಳ ಕಾಲ. ಮಳೆ ಹಿಂದೆ ಸರಿದ ಮೇಲೆ ಆರು ಕಾಲಿನ ಮರಿಗಳು. ಮನುಷ್ಯರಿಗೆ ಹೆಚ್ಚು ಅಪಾಯಕಾರಿಯಾದ ಎಂಟು ಕಾಲಿನ ಮರಿಗಳ ಕಾಲ ಸುಮಾರು ನವೆಂಬರಿನಿಂದ ಮೇ ತಿಂಗಳವರೆಗೆ. ದರಗು ಗುಡಿಸುವುದು ಯಾವಾಗ? ಅದೇ ತಿಂಗಳುಗಳಲ್ಲಿ. ಮಳೆಗಾಲಕ್ಕೆ ಸೌದೆ ಕೂಡಿಡುವುದು? ಅದೇ ತಿಂಗಳುಗಳಲ್ಲಿ. ಬಯಲಿನ ಹುಲ್ಲು ಒಣಗಿ ದನಗಳನ್ನು ಕಾಡಿನೊಳಗೆ ಅಟ್ಟುವುದೂ ಆಗಲೇ. ಮಕ್ಕಳ ಪರೀಕ್ಷೆ ಬರುವುದೂ, ರಜೆಯಲ್ಲಿ ಅವರು ದನ ಕಾಯಲು ಹೋಗುವುದೂ ಆಗಲೇ.

ವೈರಸ್ಸಿಗೆ ಬೇಧವಿಲ್ಲ, ಕೆಲಸಕ್ಕಿದೆ

ರೋಗಕ್ಕೆ ಬಡವ ಬಲ್ಲಿದ ಎಂಬ ಬೇಧವಿಲ್ಲ ಎನ್ನುವ ಮಾತಿದೆ. ವೈರಸ್ಸಿನ ಮಟ್ಟಿಗೆ ಅದು ನಿಜ. ಆದರೆ ಈ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಗಾಳಿಯಲ್ಲಿ ಹರಡುವಂಥದ್ದಲ್ಲ. ಉಣುಗು ಕಚ್ಚಬೇಕು. ಉಣುಗು ಕಚ್ಚಬೇಕಾದರೆ ಉಣುಗಿರುವಲ್ಲಿಗೆ ಹೋಗಬೇಕು. ಅಲ್ಲಿಗೆ ಯಾರು ಹೋಗುತ್ತಾರೆ ಎಂಬುದನ್ನು ನಿರ್ಧರಿಸುವುದು ವೈರಸ್ಸಲ್ಲ, ಮನೆಯ ಒಲೆ ಮತ್ತು ಕೂಲಿ.

ಅನಿಲದ ಸಿಲಿಂಡರು ತೀರಿದ ಕೂಡಲೇ ಇನ್ನೊಂದನ್ನು ತರಿಸಬಲ್ಲ ಮನೆಯವರು ಸೌದೆಗೆ ಹೋಗುವುದಿಲ್ಲ. ಗೊಬ್ಬರವನ್ನು ಲಾರಿಯಲ್ಲಿ ತರಿಸಿಕೊಳ್ಳುವವರು ದರಗು ಹೊರುವುದಿಲ್ಲ. ಒಂದೇ ಊರು, ಒಂದೇ ಕಾಡು. ಆದರೂ ರಸ್ತೆ ಬದಿಯ ಅಂಗಡಿಯವನಿಗೂ ಕಾಡಂಚಿನ ಕೂಲಿ ಮನೆಯವಳಿಗೂ ಅಪಾಯ ಒಂದೇ ಅಲ್ಲ. ಒಂದೆರಡು ಎಕರೆಯ ಸಣ್ಣ ರೈತನೂ ತಾನೇ ಎಲೆ ತಂದು ತಾನೇ ದನ ಮೇಯಿಸುವುದರಿಂದ ಈ ಸಾಲಿಗೇ ಸೇರುತ್ತಾನೆ.

ಈ ಮಾತಿಗೆ ಸಾಕ್ಷಿ ಬೇರೆ ಬೇರೆ ಊರುಗಳಲ್ಲಿ ಸಿಗುತ್ತದೆ. 1982-83ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಪು ಬೆಳೆಸಲು ಕಾಡು ಕಡಿಯಲಾಯಿತು. ಅದರ ಬೆನ್ನಿಗೇ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕಾಯಿಲೆ ಕಾಣಿಸಿತು. 2012ರ ಕೊನೆಯಲ್ಲಿ ಬಂಡೀಪುರದಲ್ಲಿ ಸತ್ತ ಮಂಗಗಳನ್ನು ಸುಡುವ ಕೆಲಸಕ್ಕೆ ಹೋದವರಿಗೆ ತಗುಲಿತು. 2015ರಲ್ಲಿ ಕೇರಳದ ವಯನಾಡಿನಲ್ಲಿ ಕಾಡಿನ ಉತ್ಪನ್ನವನ್ನೇ ನಂಬಿದ ಬುಡಕಟ್ಟು ಜನ ನರಳಿದರು. 2016ರ ಸುಮಾರಿಗೆ ಗೋವಾದ ಗೇರು ತೋಪುಗಳಿಗೆ ಕೂಲಿಗೆ ಹೋದ ಬೆಳಗಾವಿ ಕಡೆಯವರು ಜ್ವರ ಹೊತ್ತು ಊರಿಗೆ ಮರಳಿದರು. ವೈರಸ್ಸನ್ನು ಅಭ್ಯಾಸ ಮಾಡುತ್ತಿದ್ದ ಪ್ರಯೋಗಾಲಯದ ಸಿಬ್ಬಂದಿಯೂ ಸೋಂಕಿಗೆ ಒಳಗಾದದ್ದುಂಟು. ಊರು ಬೇರೆ, ಭಾಷೆ ಬೇರೆ. ಎಲ್ಲೆಡೆಯೂ ಕಾಯಿಲೆ ಹಿಡಿದದ್ದು ಕೆಲಸದ ದಾರಿಯನ್ನೇ.

ಲಸಿಕೆಯ ಕಥೆಯಲ್ಲೂ ಇದೇ ಪಾಠವಿದೆ. 1990ರಿಂದ ಕರ್ನಾಟಕದ ಪೀಡಿತ ಪ್ರದೇಶಗಳಲ್ಲಿ ಲಸಿಕೆ ಹಾಕಲಾಗುತ್ತಿತ್ತು. ತಿಂಗಳ ಅಂತರದಲ್ಲಿ ಎರಡು ಚುಚ್ಚುಮದ್ದು, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷವೂ ಒಂದೊಂದು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದಾಗ ಎರಡು ಚುಚ್ಚುಮದ್ದಿನಿಂದ ಸಿಗುವ ರಕ್ಷಣೆ ಶೇಕಡ 62ರಷ್ಟು, ಬೂಸ್ಟರ್ ಸೇರಿದರೆ ಶೇಕಡ 83ರಷ್ಟು ಎಂದು ಕಂಡುಬಂತು. ಅಂದರೆ ಪೂರ್ತಿ ಫಲ ಬೇಕಾದರೆ ಮತ್ತೆ ಮತ್ತೆ ಬರಬೇಕು. ಸೂಜಿ ಚುಚ್ಚಿದ ಜಾಗ ಬಹಳ ನೋಯುತ್ತಿತ್ತು. ದಿನಗೂಲಿಯವನಿಗೆ ತೋಳು ಎತ್ತಲಾಗದ ಒಂದು ದಿನವೆಂದರೆ ಒಂದು ದಿನದ ಕೂಲಿ ಹೋದಂತೆ. ಲಸಿಕೆಯಿಂದ ತಪ್ಪಿಸಿಕೊಂಡವರನ್ನು ಅಜ್ಞಾನಿಗಳು ಎಂದು ಬಯ್ಯುವುದು ಸುಲಭ. ಅವರ ಲೆಕ್ಕವನ್ನು ಅರಿಯುವುದು ಕಷ್ಟ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಶುರುವಾಗಿ 2019ರವರೆಗೆ ಕಾಯಿಲೆ ಜನರನ್ನು ಬಲಿ ತೆಗೆದುಕೊಂಡಾಗ ಊರವರು ಮನೆ ಬಿಟ್ಟು ನೆಂಟರ ಊರಿಗೆ ಹೋಗುವಷ್ಟು ಭಯವಿತ್ತು. ಮುಂದೆ ಹಳೆಯ ಲಸಿಕೆಯ ಸಾಮರ್ಥ್ಯ ಸಾಲದೆಂದು 2022ರಲ್ಲಿ ಅದನ್ನು ಹಾಕುವುದೇ ನಿಂತಿತು. ಹೊಸ ಲಸಿಕೆ ರೂಪಿಸುವ ಪ್ರಯತ್ನ ಆಮೇಲೆ ಆರಂಭವಾಯಿತು.

ಮನೆಯಲ್ಲಿ, ಶಾಲೆಯಲ್ಲಿ ಮಾಡಬಹುದಾದದ್ದು

ಕಾಡಿಗೆ ಹೋಗಲೇಬೇಡಿ ಎಂದು ಹೇಳುವುದು ಒಲೆ ಹಚ್ಚಬೇಡಿ ಎಂದಂತೆ. ಹೋಗುವವರು ಏನು ಮಾಡಬೇಕೆಂಬುದು ಮುಖ್ಯ. ಉಣುಗು ದೂರವಿಡುವ ಎಣ್ಣೆಯನ್ನು ಆಶಾ ಕಾರ್ಯಕರ್ತೆಯರು ಮನೆಗೇ ತಂದು ಕೊಡುತ್ತಾರೆ. ಕಾಡಿಗೆ ಹೊರಡುವ ಮುನ್ನ ಕೈಕಾಲು, ಕುತ್ತಿಗೆಗೆ ಹಚ್ಚಿಕೊಳ್ಳಬೇಕು. ಮೈ ಮುಚ್ಚುವ ಬಟ್ಟೆ ಬೇಕು. ಮರಳಿದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಬೇಕು. ಕಂಕುಳು, ಕಿವಿಯ ಹಿಂಭಾಗ, ತಲೆಗೂದಲನ್ನು ಒಬ್ಬರಿಗೊಬ್ಬರು ನೋಡಿಕೊಳ್ಳಬೇಕು. ದರಗಿನ ರಾಶಿಯನ್ನು ಮನೆಯ ಬಾಗಿಲ ಬಳಿ ಸುರಿಯಬಾರದು. ಮಕ್ಕಳು ಅದರಲ್ಲಿ ಹೊರಳಾಡಬಾರದು. ಮಂಗನ ಸಾವು ಹೆಚ್ಚಾಗಿ ಕಂಡ ವರ್ಷ ಕೊಟ್ಟಿಗೆಗೆ ಭತ್ತದ ಹುಲ್ಲು ಹಾಸಿದರೂ ನಡೆಯುತ್ತದೆ.

ಸತ್ತ ಮಂಗ ಕಂಡರೆ ಮುಟ್ಟದೆ, ಹತ್ತಿರ ಹೋಗದೆ, ಆರೋಗ್ಯ ಕೇಂದ್ರಕ್ಕೋ ಪಂಚಾಯಿತಿಗೋ ಅಂದೇ ತಿಳಿಸಬೇಕು. ಸಿಬ್ಬಂದಿ ಬಂದು ಅದು ಬಿದ್ದ ಜಾಗದ ಸುತ್ತ ಉಣುಗುನಾಶಕ ಪುಡಿ ಎರಚುತ್ತಾರೆ. ಆ ತಿಂಗಳುಗಳಲ್ಲಿ ಜ್ವರ ಬಂದರೆ ಅಂಗಡಿ ಮಾತ್ರೆ ನುಂಗಿ ಕಾಯಬಾರದು. ವೈದ್ಯರ ಮುಂದೆ ಕುಳಿತಾಗ, ಅವರು ಕೇಳದಿದ್ದರೂ, ‘ಹೋದ ವಾರ ಕಾಡಿಗೆ ಹೋಗಿದ್ದೆ’ ಎಂದು ಹೇಳಬೇಕು. ರಕ್ತಪರೀಕ್ಷೆ ಮಾಡಬೇಕೆಂದು ಅವರಿಗೆ ಹೊಳೆಯುವುದು ಆ ಒಂದು ಮಾತಿನಿಂದ.

ಮಲೆನಾಡಿನ ಶಾಲೆಗಳ ವಿದ್ಯಾರ್ಥಿಗಳು ಒಂದು ಕೆಲಸ ಮಾಡಬಹುದು. ಊರಿನ ನಕ್ಷೆ ಬರೆಯಬೇಕು. ಕಾಡಿಗೆ ಹೋಗದೆ, ಹಿರಿಯರನ್ನು ಕೇಳಿಯೇ, ಮಂಗ ಸತ್ತ ಜಾಗಗಳನ್ನು ಒಂದು ಬಣ್ಣದಲ್ಲಿ ಗುರುತಿಸಬೇಕು. ದನ ಮೇಯುವ ಜಾಗ, ದರಗು ಗುಡಿಸುವ ಜಾಗಗಳನ್ನು ಬೇರೆ ಬಣ್ಣಗಳಲ್ಲಿ. ಆಮೇಲೆ ಆ ಜಾಗಗಳಿಗೆ ಹೋಗುವ ಕಾಲುದಾರಿಗಳನ್ನು ಎಳೆದು, ಅವು ಯಾವ ಯಾವ ಮನೆಗಳ ಅಂಗಳದಿಂದ ಹೊರಡುತ್ತವೆ ಎಂದು ನೋಡಬೇಕು. ಎಣ್ಣೆಯ ಬಾಟಲಿ ಮೊದಲು ತಲುಪಬೇಕಾದದ್ದು, ಜ್ವರ ಬಂದವರನ್ನು ಸಾಗಿಸಲು ಗಾಡಿ ಮೊದಲು ಹೋಗಬೇಕಾದದ್ದು ಆ ಮನೆಗಳಿಗೆ. ನಕ್ಷೆ ಸಿದ್ಧವಾದ ಮೇಲೆ ಅದನ್ನು ಶಾಲೆಯ ಗೋಡೆಗೆ ಅಂಟಿಸಿ ಸುಮ್ಮನಾಗದೆ, ಅದರ ಒಂದು ಪ್ರತಿಯನ್ನು ಆರೋಗ್ಯ ಕೇಂದ್ರಕ್ಕೂ ಇನ್ನೊಂದನ್ನು ಗ್ರಾಮಸಭೆಗೂ ಕೊಡಬೇಕು.