ಮಂತ್ರಿಯ ಊರಿನ ಪ್ರಶ್ನೆ ಕೇಳುವವರು ಯಾರು?

ಶಿಕಾರಿಪುರ ಮತ್ತು ಸೊರಬ ಒಂದಕ್ಕೊಂದು ಗಡಿ ಹಂಚಿಕೊಂಡ ತಾಲ್ಲೂಕುಗಳು. 2023ರ ಚುನಾವಣೆಯಲ್ಲಿ ಸೊರಬದಿಂದ ಗೆದ್ದ ಮಧು ಬಂಗಾರಪ್ಪ ಶಾಲಾ ಶಿಕ್ಷಣ ಮಂತ್ರಿಯಾದರು. ಶಿಕಾರಿಪುರದಿಂದ ಗೆದ್ದ ಬಿ.ವೈ. ವಿಜಯೇಂದ್ರ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು. ಪ್ರಶ್ನೋತ್ತರ ವೇಳೆ ಶುರುವಾದರೆ ಶಿಕಾರಿಪುರದ ಶಾಸಕರಿಗೆ ಕೇಳುವ ಹಕ್ಕಿದೆ, ಸೊರಬದ ಶಾಸಕರಿಗೆ ಉತ್ತರಿಸುವ ಹೊಣೆಯಿದೆ. ಮಂತ್ರಿಯಾದವರು ಇನ್ನೊಬ್ಬ ಮಂತ್ರಿಗೆ ಸದನದಲ್ಲಿ ಪ್ರಶ್ನೆ ಹಾಕುವುದಿಲ್ಲ. ನಮ್ಮವರು ಮಂತ್ರಿಯಾದರೆಂದು ನಾವು ಪಟಾಕಿ ಹೊಡೆಯುವ ದಿನವೇ ನಮ್ಮ ಕ್ಷೇತ್ರ ಆ ಒಂದು ಗಂಟೆಯಲ್ಲಿ ಮೂಕವಾಗುತ್ತದೆ.

ಈ ಎರಡು ತಾಲ್ಲೂಕುಗಳಿಗೆ ಇದು ಹೊಸ ಅನುಭವವಲ್ಲ. 1967ರಲ್ಲಿ ಸೊರಬದಿಂದ ಆಯ್ಕೆಯಾದ ಎಸ್. ಬಂಗಾರಪ್ಪ ವಿರೋಧ ಪಕ್ಷದ ನಾಯಕರಾಗಿದ್ದರು, 1990ರಲ್ಲಿ ಮುಖ್ಯಮಂತ್ರಿಯಾದರು. 1983ರಲ್ಲಿ ಶಿಕಾರಿಪುರದಿಂದ ವಿಧಾನಸಭೆಗೆ ಬಂದ ಬಿ.ಎಸ್. ಯಡಿಯೂರಪ್ಪ ಕೂಡ ವಿರೋಧ ಪಕ್ಷದ ನಾಯಕನ ಕುರ್ಚಿಯಲ್ಲಿ ಕೂತವರೇ, ಆಮೇಲೆ ನಾಲ್ಕು ಸಲ ಮುಖ್ಯಮಂತ್ರಿಯಾದವರು. ಕೇಳುವ ಸಾಲು, ಉತ್ತರಿಸುವ ಸಾಲು ಎರಡರಲ್ಲೂ ಇಷ್ಟು ದೀರ್ಘವಾಗಿ ಕೂತ ನೆರೆಹೊರೆ ರಾಜ್ಯದಲ್ಲಿ ಬಹಳ ಇಲ್ಲ.

ಮುಖ್ಯಮಂತ್ರಿಯ ಕ್ಷೇತ್ರಕ್ಕೆ ಪ್ರಶ್ನೆಯ ಗೊಡವೆ ಏಕೆ, ಕೆಲಸ ತಾನಾಗಿ ಬರುತ್ತದಲ್ಲ ಎನ್ನುವವರಿದ್ದಾರೆ. ಕೆಲಸ ಬರುತ್ತದೆ, ನಿಜ. ರಸ್ತೆ, ಕಾಲೇಜು, ಏತ ನೀರಾವರಿ ಬರುತ್ತವೆ. ಆದರೆ ಎಷ್ಟು ಖರ್ಚಾಯಿತು, ಯಾವ ಕೆರೆಗೆ ನೀರು ಹರಿಯಿತು, ಯಾವ ಹಳ್ಳಿ ಬಿಟ್ಟುಹೋಯಿತು ಎಂಬುದು ಸದನದ ಕಡತಕ್ಕೆ ಹತ್ತಬೇಕಾದರೆ ಯಾರಾದರೂ ಕೇಳಬೇಕು. ಕೇಳದೆ ಬಂದದ್ದು ಕೃಪೆಯಾಗಿ ಉಳಿಯುತ್ತದೆ. ಸರ್ಕಾರ ಬದಲಾದ ಮೇಲೆ ಅದರ ಲೆಕ್ಕವನ್ನು ಮುಂದಿಟ್ಟು ಮಾತಾಡಲು ಜನರ ಕೈಯಲ್ಲಿ ಒಂದು ಹಾಳೆಯೂ ಇರುವುದಿಲ್ಲ.

ಈ ನೆಲದಲ್ಲಿ ಕೇಳುವ ಹಕ್ಕು ಮತ ಹಾಕುವ ಹಕ್ಕಿಗಿಂತ ಹಳೆಯದು. 1881ರಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ದಸರಾ ಹೊತ್ತಿಗೆ ಪ್ರಜಾಪ್ರತಿನಿಧಿ ಸಭೆ ಕರೆದಾಗ ತಾಲ್ಲೂಕುಗಳಿಂದ ಬಂದ ರೈತರು, ವರ್ತಕರು ಆಡಳಿತದ ವರದಿಯನ್ನು ಕೇಳಿಸಿಕೊಂಡು ತಮ್ಮ ಅಹವಾಲು ಹೇಳಬಹುದಿತ್ತು, ಅಷ್ಟೇ. ಏನನ್ನೂ ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ. ಅಹವಾಲಿನಿಂದ ಉತ್ತರದಾಯಿ ಸರ್ಕಾರದವರೆಗಿನ ದಾರಿಗೆ ಅರವತ್ತಾರು ವರ್ಷ ಹಿಡಿಯಿತು. ಆ ದಾರಿಯಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಇದೆ. 1942ರಲ್ಲಿ ಆ ಊರಿನವರು ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಪ್ರವೇಶವಿಲ್ಲವೆಂದು ಊರ ಮುಂದೆ ಫಲಕ ಹಾಕಿದರು, ತಮ್ಮದೇ ಸರ್ಕಾರ ಘೋಷಿಸಿಕೊಂಡರು. 1943ರ ಮಾರ್ಚಿನಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಜನರಿಗೆ ಉತ್ತರ ಕೊಡುವ ಸರ್ಕಾರ ಬೇಕೆಂಬ ಬೇಡಿಕೆಗೆ ತೆತ್ತ ಬೆಲೆ ಅದು. ಪ್ರಶ್ನೋತ್ತರ ವೇಳೆಯನ್ನು ಗದ್ದಲಕ್ಕೆ ಬಲಿ ಕೊಡುವ ಶಾಸಕರು ಯಾವ ಪಕ್ಷದವರಾದರೂ ಅದನ್ನು ಮರೆಯಬಾರದು.

ಸದನದ ಹೊತ್ತು ಹಂಚಿಕೆಯಾಗುವ ರೀತಿಯನ್ನೇ ನೋಡಿ. ಅಧಿವೇಶನ ಯಾವಾಗ, ಎಷ್ಟು ದಿನ ಎಂದು ನಿರ್ಧರಿಸುವುದು ಸರ್ಕಾರ. ಯಾವ ವಿಷಯಕ್ಕೆ ಎಷ್ಟು ಹೊತ್ತು ಎಂಬುದು ಸಭಾಧ್ಯಕ್ಷರ ನೇತೃತ್ವದ ಕಲಾಪ ಸಲಹಾ ಸಮಿತಿಯಲ್ಲಿ ಪಕ್ಷಗಳ ನಾಯಕರ ನಡುವೆ ಇತ್ಯರ್ಥವಾಗುತ್ತದೆ. ಮಸೂದೆ, ಬಜೆಟ್ಟು, ಅನುದಾನದ ಬೇಡಿಕೆಗಳು ಬಹುಪಾಲು ಸರ್ಕಾರದ ಕೆಲಸವೇ. ಮಂತ್ರಿಯಲ್ಲದ ಸಾಮಾನ್ಯ ಸದಸ್ಯನಿಗೆ ಹಕ್ಕಿನಿಂದ ಸಿಗುವ ಹೊತ್ತಿನಲ್ಲಿ ಮುಖ್ಯವಾದದ್ದು ಪ್ರಶ್ನೋತ್ತರ ವೇಳೆ. ಮುಂಚಿತವಾಗಿ ಸೂಚನೆ ಕೊಟ್ಟಿರಬೇಕು. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ ಸಾಕು. ನಿಜವಾದ ಪರೀಕ್ಷೆ ಉತ್ತರದ ಬೆನ್ನಿಗೇ ಕೇಳುವ ಉಪಪ್ರಶ್ನೆಯಲ್ಲಿದೆ. ಅಧಿಕಾರಿಗಳು ಬರೆದುಕೊಟ್ಟ ಹಾಳೆ ಅಲ್ಲಿಗೆ ಮುಗಿಯುತ್ತದೆ. ಮಂತ್ರಿಗೆ ತನ್ನ ಇಲಾಖೆ ಗೊತ್ತಿದೆಯೋ ಇಲ್ಲವೋ ಎಂಬುದು ಅಲ್ಲಿಂದಾಚೆಗೆ ತಿಳಿಯುತ್ತದೆ. ಸಾಗರದ ಕಾಗೋಡು ತಿಮ್ಮಪ್ಪ 2013ರಿಂದ 2016ರವರೆಗೆ ಸಭಾಧ್ಯಕ್ಷರಾಗಿದ್ದಾಗ ಸ್ವಂತ ಪಕ್ಷದ ಮಂತ್ರಿಗಳನ್ನೂ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಪೀಠದಲ್ಲಿ ಅಂಥವರಿದ್ದರೆ ಉಪಪ್ರಶ್ನೆಗೆ ಬೆಲೆ ಬರುತ್ತದೆ.

ಪ್ರಶ್ನೋತ್ತರ ವೇಳೆ ದಿನದ ಮೊದಲ ಕಲಾಪವಾದ್ದರಿಂದಲೇ ಧರಣಿಯ ಮೊದಲ ಪೆಟ್ಟು ಅದಕ್ಕೇ ಬೀಳುತ್ತದೆ. ರಾಜ್ಯಸಭೆ ಇದೇ ಕಾಟ ತಾಳಲಾರದೆ 2014ರಲ್ಲಿ ಪ್ರಶ್ನೋತ್ತರ ವೇಳೆಯನ್ನು ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಹನ್ನೆರಡಕ್ಕೆ ಸರಿಸಿತು. ನಮ್ಮಲ್ಲಿ ದಿನಗಳಿಗೇ ಬರ. ವರ್ಷಕ್ಕೆ ಕನಿಷ್ಠ 60 ದಿನ ಸದನ ಸೇರಬೇಕೆಂದು ಕರ್ನಾಟಕ 2005ರಲ್ಲೇ ಕಾಯ್ದೆ ಮಾಡಿಕೊಂಡಿತು. ಎಲ್ಲ ಪಕ್ಷಗಳ ಸರ್ಕಾರಗಳೂ ಅದನ್ನು ಮತ್ತೆ ಮತ್ತೆ ಮುರಿದಿವೆ. ತಾನೇ ಮಾಡಿದ ಕಾಯ್ದೆಯನ್ನು ತಾನೇ ಪಾಲಿಸದ ಸದನ ಅಧಿಕಾರಿಗಳಿಂದ ಯಾವ ಶಿಸ್ತನ್ನು ನಿರೀಕ್ಷಿಸೀತು?

ಪ್ರಶ್ನೆ ಕೇಳುವವರಿಲ್ಲದಾಗ ಆಗುವ ನಷ್ಟ ಎಂಥದೆಂದು ತಿಳಿಯಲು ಮಂಗನ ಕಾಯಿಲೆಯ ಉದಾಹರಣೆ ಸಾಕು. 1957ರಲ್ಲಿ ಅದು ಮೊದಲು ಪತ್ತೆಯಾದದ್ದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಗ್ರಂಥಗಳಲ್ಲಿ ಆ ಕಾಡಿನ ಹೆಸರೇ ರೋಗದ ಹೆಸರು. ಹಳೆಯ ಲಸಿಕೆ ಅಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ಅದನ್ನು ನಿಲ್ಲಿಸಿದರು. ಹೊಸದು ಕೈಗೆ ಬರುವ ತನಕ ಕಾಡಂಚಿನ ಮನೆಗಳಿಗೆ ಏನು ಏರ್ಪಾಡು, ರೋಗ ಹರಡುವ ಉಣ್ಣಿ ಕಚ್ಚದಂತೆ ಹಚ್ಚಿಕೊಳ್ಳುವ ತೈಲ ಯಾವ ತಿಂಗಳಲ್ಲಿ ತಲುಪಿತು, ರಕ್ತಪರೀಕ್ಷೆಯ ಫಲಿತಾಂಶಕ್ಕೆ ಎಷ್ಟು ದಿನ ಕಾಯಬೇಕು? ಇವು ಆರೋಗ್ಯ ಮಂತ್ರಿಗೆ ಕೇಳಬೇಕಾದ ಪ್ರಶ್ನೆಗಳು. ಸೊರಬದ ಶಾಸಕರು ಸಂಪುಟದಲ್ಲಿದ್ದಾಗ ಸದನದಲ್ಲಿ ಇವನ್ನು ಎತ್ತಬೇಕಾದವರು ಸಾಗರದವರು, ತೀರ್ಥಹಳ್ಳಿಯವರು.

ಕೆಳಗಿನ ವೇದಿಕೆಗಳೂ ಬರಿದಾಗಿವೆ. 2016ರಲ್ಲಿ ಆಯ್ಕೆಯಾದ ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಆಗಲಿಲ್ಲ. ಶಾಲೆಯ ಸೋರುವ ಕೊಠಡಿ, ಅಂಗನವಾಡಿಯ ಖಾಲಿ ಹುದ್ದೆ ಎಲ್ಲವೂ ಶಾಸಕರ ಮನೆ ಬಾಗಿಲಿಗೇ ಬರುತ್ತಿವೆ. ಆ ಶಾಸಕರು ಮಂತ್ರಿಯಾಗಿದ್ದರೆ ಅಹವಾಲು ಅವರ ಆಪ್ತಸಹಾಯಕರ ಚೀಟಿಯಾಗಿ ಇಲಾಖೆಗೆ ಹೋಗುತ್ತದೆ, ಸದನಕ್ಕೆ ಹೋಗುವುದಿಲ್ಲ.

ಹಾಗಾದರೆ ಮಂತ್ರಿಯ ಕ್ಷೇತ್ರದವರು ಏನು ಮಾಡಬೇಕು? ದಾರಿಗಳಿವೆ, ಬಳಕೆಯಿಲ್ಲ. ವಿಧಾನ ಪರಿಷತ್ತಿನಲ್ಲೂ ಪ್ರಶ್ನೋತ್ತರ ನಡೆಯುತ್ತದೆ. ನೈರುತ್ಯ ಪದವೀಧರ, ಶಿಕ್ಷಕರ ಕ್ಷೇತ್ರಗಳ ಸದಸ್ಯರಿಗೆ ಶಿವಮೊಗ್ಗ ಜಿಲ್ಲೆಯೂ ಸೇರುತ್ತದೆ. ಅರ್ಜಿಗಳ ಸಮಿತಿ ಇದೆ. ಮಂತ್ರಿ ಸದನದಲ್ಲಿ ಕೊಟ್ಟ ಮಾತು ನಡೆಯಿತೇ ಎಂದು ಬೆನ್ನುಹತ್ತುವ ಭರವಸೆಗಳ ಸಮಿತಿ ಇದೆ. ಎಲ್ಲಕ್ಕಿಂತ ಹತ್ತಿರದಲ್ಲಿ ಪಕ್ಕದ ಕ್ಷೇತ್ರದ ಶಾಸಕರಿದ್ದಾರೆ. ಸೊರಬದ ರೈತ ತನ್ನ ಪ್ರಶ್ನೆಯನ್ನು ಶಿಕಾರಿಪುರದ ಶಾಸಕರ ಕೈಗಿತ್ತರೆ, ನಾಳೆ ಕಾಲ ತಿರುಗಿದಾಗ ಶಿಕಾರಿಪುರದವರು ಸೊರಬದ ಶಾಸಕರಲ್ಲಿಗೆ ಹೋದರೆ, ಅದನ್ನು ಪಕ್ಷದ್ರೋಹವೆಂದು ಬಗೆಯಬೇಕಾಗಿಲ್ಲ. ಕೇಳುವವರ ಮನಸ್ಸಿನಲ್ಲಿ ರಾಜಕೀಯ ಲಾಭದ ಲೆಕ್ಕವೇ ಇರಲಿ. ಉತ್ತರಕ್ಕೆ ಸಹಿ ಹಾಕುವವರು ಮಂತ್ರಿ. ಅದು ಮುದ್ರಿತವಾಗಿ ಸದನದ ಕಡತ ಸೇರುತ್ತದೆ, ಮುಂದಿನ ಅಧಿವೇಶನದಲ್ಲಿ ಯಾವ ಪಕ್ಷದವರು ಬೇಕಾದರೂ ಅದನ್ನು ತೆಗೆದು ಆ ಕೆಲಸ ಎಲ್ಲಿಗೆ ಬಂತೆಂದು ಕೇಳಬಹುದು.