ಗಂಡಸರ ಮೂಳೆಯೂ ಸವೆಯುತ್ತದೆ

ಬಚ್ಚಲಲ್ಲಿ ಜಾರಿ ಬಿದ್ದ ಅಜ್ಜಿಯ ಮೂಳೆ ಮುರಿದರೆ ‘ಪಾಪ, ಮೂಳೆ ಸವೆದಿತ್ತು’ ಎನ್ನುತ್ತಾರೆ. ಅಜ್ಜ ಅಲ್ಲೇ ಬಿದ್ದು ಮುರಿದುಕೊಂಡರೆ ‘ಏಟು ಜೋರಾಗಿ ಬಿತ್ತು’ ಎನ್ನುತ್ತಾರೆ. ಮೂಳೆ ಸವೆತ, ಅಂದರೆ ಆಸ್ಟಿಯೊಪೊರೋಸಿಸ್, ಮುಟ್ಟು ನಿಂತ ಹೆಂಗಸರ ಕಾಯಿಲೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿ ಬೇರೂರಿದೆ. ಮುರಿದ ಮೂಳೆಗೆ ರಾಡು ಹಾಕಿಸಿಕೊಂಡು ಗಂಡಸು ಮನೆಗೆ ಬರುತ್ತಾನೆ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿದದ್ದೇಕೆ ಎಂದು ಕೇಳುವವರು ಕಡಿಮೆ.

ಜಗತ್ತಿನಲ್ಲಿ ತೊಡೆಮೂಳೆಯ ಕತ್ತು ಮುರಿದುಕೊಳ್ಳುವವರಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಪಾಲು ಗಂಡಸರು. ಹಾಗೆ ಮುರಿದ ಮೇಲೆ ವರ್ಷದೊಳಗೆ ಸಾಯುವವರ ಪ್ರಮಾಣ ಹೆಂಗಸರಿಗಿಂತ ಗಂಡಸರಲ್ಲೇ ಹೆಚ್ಚು. ಕೊಲ್ಲುವುದು ಮುರಿದ ಮೂಳೆಯಲ್ಲ. ಹಾಸಿಗೆ ಹಿಡಿದ ಮೇಲೆ ಬರುವ ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ರಕ್ತ, ಬೆನ್ನಿನ ಹುಣ್ಣು.

ಮೂಳೆ ಕಲ್ಲಿನಂತೆ ಕಂಡರೂ ಜೀವಂತ ವಸ್ತು. ಹಳೆಯದನ್ನು ಕೆಡವುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಅಲ್ಲಿ ಹಗಲಿರುಳು ದುಡಿಯುತ್ತವೆ. ಸುಮಾರು 30ನೇ ವಯಸ್ಸಿನವರೆಗೆ ಕಟ್ಟುವವರ ಕೈ ಮೇಲು. ಅನಂತರ ನಿಧಾನವಾಗಿ ಕೆಡವುವವರದು. ಗಂಡಸರ ಮೂಳೆ ಮೊದಲಿಗೇ ದಪ್ಪ, ಹೆಂಗಸರಂತೆ ಹಾರ್ಮೋನು ಒಮ್ಮೆಲೇ ಕುಸಿಯುವುದೂ ಇಲ್ಲ. ಹಾಗಾಗಿ ಕಷ್ಟ ಹತ್ತು ವರ್ಷ ತಡವಾಗಿ ಬರುತ್ತದೆ, ಅಷ್ಟೆ. 70ರ ಹೊತ್ತಿಗೆ ಇಬ್ಬರ ಸವೆತದ ವೇಗವೂ ಒಂದೇ.

ಗಂಡಸಿನ ಮೂಳೆಯನ್ನು ಕಾಯುವುದು ಗಂಡಸುತನದ ಹಾರ್ಮೋನು ಎಂದೇ ಬಹುಕಾಲ ಎಲ್ಲರೂ ತಿಳಿದಿದ್ದರು. 1994ರಲ್ಲಿ ಅಮೆರಿಕದ ವೈದ್ಯರು 28 ವರ್ಷದ ಒಬ್ಬನ ವಿವರ ಪ್ರಕಟಿಸಿದರು. ಎತ್ತರ 204 ಸೆಂಟಿಮೀಟರ್, ಇನ್ನೂ ಬೆಳೆಯುತ್ತಲೇ ಇದ್ದ. ಟೆಸ್ಟೊಸ್ಟಿರೋನಿಗೆ ಕೊರತೆ ಇರಲಿಲ್ಲ. ಆದರೆ ‘ಹೆಣ್ಣಿನ ಹಾರ್ಮೋನು’ ಎನ್ನಿಸಿಕೊಂಡ ಈಸ್ಟ್ರೊಜೆನ್ನನ್ನು ಅವನ ಜೀವಕೋಶಗಳು ಗುರುತಿಸುತ್ತಲೇ ಇರಲಿಲ್ಲ, ಮೂಳೆಗಳು ಟೊಳ್ಳಾಗಿದ್ದವು. ಗಂಡಸಿನ ದೇಹವೂ ಟೆಸ್ಟೊಸ್ಟಿರೋನಿನ ಒಂದಂಶವನ್ನು ಈಸ್ಟ್ರೊಜೆನ್ನಾಗಿ ಬದಲಿಸಿಕೊಂಡೇ ಮೂಳೆ ಉಳಿಸಿಕೊಳ್ಳುತ್ತದೆ. ಮೀಸೆ ತಿರುವುವವರು ಇದನ್ನು ಸಾವಧಾನವಾಗಿ ಓದಿಕೊಳ್ಳಲಿ. ಪ್ರಾಸ್ಟೇಟ್ ಕ್ಯಾನ್ಸರಿಗೆ ಹಾರ್ಮೋನು ತಡೆಯುವ ಚುಚ್ಚುಮದ್ದು ಪಡೆಯುವವರ ಮೂಳೆ ಬೇಗ ಸವೆಯುವುದಕ್ಕೂ ಇದೇ ಕಾರಣ. ಅವರು ಆರಂಭದಲ್ಲೇ ಮೂಳೆಯ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಹೆಂಗಸರಲ್ಲಿ ಬಹುಮಟ್ಟಿಗೆ ವಯಸ್ಸೇ ಅಪರಾಧಿ. ಗಂಡಸರಲ್ಲಿ ಹುಡುಕಿದರೆ ಬೇರೊಂದು ಕಾರಣವೂ ಸಿಕ್ಕುವುದು ಸಾಮಾನ್ಯ. ಮೊದಲನೆಯದು ಸ್ಟೀರಾಯ್ಡ್. ಉಬ್ಬಸ, ಕೀಲುವಾತಗಳಿಗೆ ವೈದ್ಯರೇ ಕೊಟ್ಟ ಪ್ರೆಡ್ನಿಸೊಲೋನ್ ಮಾತ್ರೆಯಾದರೆ ಅದಕ್ಕೊಂದು ಲೆಕ್ಕವಿರುತ್ತದೆ. ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಮಾರುವ, ಒಂದೇ ಪೊಟ್ಟಣಕ್ಕೆ ಮಂಡಿನೋವು ಮಾಯವಾಗುವ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ. ಅಲ್ಲಿ ಲೆಕ್ಕವೂ ಇಲ್ಲ, ಕೇಳುವವರೂ ಇಲ್ಲ. ಎರಡನೆಯದು ಕುಡಿತ. ಅದು ಮೂಳೆ ಕಟ್ಟುವ ಕೋಶಗಳನ್ನು ಕುಗ್ಗಿಸುತ್ತದೆ, ಜತೆಗೆ ಮನುಷ್ಯನನ್ನು ಬೀಳಿಸುತ್ತದೆ. ಬೀಡಿ ಸಿಗರೇಟಿನ ಪಾಲೂ ಇದೆ. ಅತಿಯಾದ ಥೈರಾಯ್ಡ್, ಕರುಳಿನ ಕಾಯಿಲೆಗಳನ್ನು ವೈದ್ಯರು ರಕ್ತಪರೀಕ್ಷೆಯಿಂದ ಶೋಧಿಸಬೇಕು.

ಇನ್ನು ಊಟ. ದೊಡ್ಡವರಿಗೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಹೇಳಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಅಷ್ಟೇ ತೂಕದ ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಮುದ್ದೆ ಬಿಟ್ಟು ಅನ್ನಕ್ಕೆ ಬಡ್ತಿ ಪಡೆದ ಮನೆಗಳು ಇದನ್ನು ಗಮನಿಸುವುದು ಒಳ್ಳೆಯದು. ರಾಗಿಯ ಕ್ಯಾಲ್ಸಿಯಂ ಅಷ್ಟೂ ಮೈಗೆ ಹತ್ತುವುದಿಲ್ಲವೆಂಬುದೂ ನಿಜ. ಮೊಳಕೆ ಕಟ್ಟಿದರೆ ಹೆಚ್ಚು ದಕ್ಕುತ್ತದೆ. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪು, ಮುಳ್ಳಿನ ಸಮೇತ ತಿನ್ನುವ ಸಣ್ಣ ಮೀನು ಉಳಿದದ್ದನ್ನು ತುಂಬಬಲ್ಲವು. ಕೋಲಾರ, ಚಿಕ್ಕಬಳ್ಳಾಪುರದಂಥ ಕಡೆ ಕೊಳವೆ ಬಾವಿಯ ಫ್ಲೋರೈಡಿನದು ಬೇರೆಯೇ ಕಥೆ: ಅದರಿಂದ ಮೂಳೆ ಸ್ಕ್ಯಾನಿನಲ್ಲಿ ದಟ್ಟವಾಗಿ ಕಂಡೀತು, ಆದರೆ ಗಟ್ಟಿಯಾಗಿರುವುದಿಲ್ಲ.

ಕ್ಯಾಲ್ಸಿಯಂ ಹೀರಿಕೊಳ್ಳಲು ಡಿ ಜೀವಸತ್ವ ಬೇಕು. ಅದನ್ನು ಚರ್ಮ ತಯಾರಿಸುವುದು ಬಿಸಿಲು ಚುರುಕಾಗಿರುವ ಹೊತ್ತಿನಲ್ಲಿ. ಕಿಟಕಿಯ ಗಾಜಿನೊಳಗೆ ಬೀಳುವ ಬಿಸಿಲಿಗೆ ಆ ಶಕ್ತಿ ಇಲ್ಲ. ಹೀಗಾಗಿ ವರ್ಷವಿಡೀ ಸೂರ್ಯನಿರುವ ನಾಡಿನ ಆಫೀಸು ನೌಕರರಲ್ಲೂ ಅದರ ಕೊರತೆ ಸರ್ವೇಸಾಮಾನ್ಯ. ಇದಕ್ಕೆ ಕೊಡುವ 60,000 ಯೂನಿಟ್ಟಿನ ಪೊಟ್ಟಣ ಸಾಮಾನ್ಯವಾಗಿ ವಾರಕ್ಕೊಂದರಂತೆ. ದಿನಕ್ಕೊಂದೆಂದು ತಪ್ಪಾಗಿ ತಿಳಿದು ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ.

ಭಾರ ಹೊರದ ಮೂಳೆ ಉಳಿಯುವುದಿಲ್ಲ. ತೂಕವಿಲ್ಲದೆ ತೇಲುವ ಗಗನಯಾತ್ರಿಗಳ ಸೊಂಟದ ಭಾಗದ ಮೂಳೆ ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಕರಗುತ್ತದೆ. ಟೆನಿಸ್ ಆಟಗಾರರ ಆಡುವ ಕೈಯ ಮೂಳೆ ಇನ್ನೊಂದಕ್ಕಿಂತ ದಪ್ಪ. ಈಜು, ಸೈಕಲ್ಲು ಹೃದಯಕ್ಕೆ ಒಳ್ಳೆಯವಾದರೂ ಮೂಳೆಗೆ ಅಷ್ಟು ಉಪಯೋಗವಿಲ್ಲ. ಬಿರುಸಿನ ನಡಿಗೆ, ಮೆಟ್ಟಿಲು ಹತ್ತುವುದು, ಭಾರ ಎತ್ತುವುದು ಮೇಲು.

ಮಾಮೂಲಿ ಎಕ್ಸ್‌ರೇಯಲ್ಲಿ ಸವೆತ ಕಾಣುವ ಹೊತ್ತಿಗೆ ಮೂಳೆಯ ಮೂರನೆಯ ಒಂದು ಪಾಲು ಹೋಗಿರುತ್ತದೆ. ಉಚಿತ ಶಿಬಿರಗಳಲ್ಲಿ ಹಿಮ್ಮಡಿ ಇಟ್ಟು ನೋಡುವ ಯಂತ್ರ ಸೂಚನೆ ಕೊಟ್ಟೀತೇ ಹೊರತು ತೀರ್ಪನ್ನಲ್ಲ. ನಿಖರವಾದದ್ದು ‘ಡೆಕ್ಸಾ’ ಪರೀಕ್ಷೆ. ಅದರಲ್ಲಿ ಅಂಕ -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. 70 ದಾಟಿದವರು, ಸ್ಟೀರಾಯ್ಡ್ ಸೇವಿಸುವವರು, ಸಣ್ಣ ಪೆಟ್ಟಿಗೇ ಮೂಳೆ ಮುರಿದುಕೊಂಡವರು, ಹರೆಯದ ಎತ್ತರದಲ್ಲಿ ನಾಲ್ಕು ಸೆಂಟಿಮೀಟರ್ ಕಳೆದುಕೊಂಡವರು ವೈದ್ಯರಲ್ಲಿ ಇದನ್ನು ಕೇಳಬೇಕು.

ಔಷಧಿ ಗಂಡಸರಿಗೂ ಅದೇ. ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬ ನೀರಿನೊಡನೆ ನುಂಗಿ, ಅರ್ಧ ಗಂಟೆ ಮಲಗದೆ, ಕಾಫಿಯನ್ನೂ ಕುಡಿಯದೆ ಇರಬೇಕು. ಮಲಗಿದರೆ ಮಾತ್ರೆ ಅನ್ನನಾಳವನ್ನು ಸುಡುತ್ತದೆ. ಕಾಫಿಯ ಜತೆ ನುಂಗಿದರೆ ಮೈಗೆ ಹತ್ತುವುದು ಬಹಳ ಕಡಿಮೆಯಾಗುತ್ತದೆ.