ಬಯೋಮೆಡಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಮಾಡಿದರೆ ಡಾಕ್ಟರ್ ಆಗಬಹುದೇ?

‘ನೀಟ್‌ನಲ್ಲಿ ಸೀಟು ಸಿಗಲಿಲ್ಲವೇ? ಬಯೋಮೆಡಿಕಲ್ ಓದಿ ಡಾಕ್ಟರ್ ಆಗಿ’ ಎನ್ನುವ ಮಾತು ನಂಬಿ ದುಡ್ಡು ಕಟ್ಟಬೇಡಿ. ಎಂ.ಟೆಕ್ ಇರಲಿ, ಪಿಎಚ್.ಡಿ. ಮಾಡಿದರೂ ಔಷಧ ಬರೆದುಕೊಡುವ ಅಧಿಕಾರ ಬರುವುದಿಲ್ಲ. ಹೆಸರಿನ ಹಿಂದೆ ‘ಡಾ.’ ಸೇರುತ್ತದೆ, ಅಷ್ಟೇ.

ಹಾಗಾದರೆ ಇದು ಆಸ್ಪತ್ರೆಯ ಮೆಷಿನ್ ರಿಪೇರಿ ಕೋರ್ಸೇ? ಅದೂ ಅಲ್ಲ. ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆ ತಯಾರಿಸಿದ ಕೃತಕ ಹೃದಯ ಕವಾಟವನ್ನೇ ನೋಡಿ. ಹೃದಯ ಶಸ್ತ್ರಚಿಕಿತ್ಸಕ ಡಾ. ಎಂ.ಎಸ್. ವಲಿಯತ್ತಾನ್ ಅವರ ಜತೆ ಎಂಜಿನಿಯರ್‌ಗಳೂ ಕೂತು ಮಾಡಿದ್ದು. ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿ ರೋಗಿಗೆ ಅಳವಡಿಸಿದರು. ಕವಾಟ ದಿನಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚಬೇಕು, ಸವೆಯಬಾರದು, ಅದರ ಮೇಲೆ ರಕ್ತ ಹೆಪ್ಪುಗಟ್ಟಬಾರದು. ವೈದ್ಯರೊಬ್ಬರಿಂದಲೇ ಆಗುವ ಕೆಲಸವಲ್ಲ. ಲೋಹ, ಪ್ಲಾಸ್ಟಿಕ್, ದ್ರವದ ಹರಿವು ಬಲ್ಲವರೂ ಬೇಕು.

ಇದೇ ಸಂಸ್ಥೆ, ಐಐಟಿ ಮದ್ರಾಸ್ ಮತ್ತು ವೆಲ್ಲೂರಿನ ಸಿಎಂಸಿ ಕೂಡಿ ಕ್ಲಿನಿಕಲ್ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್ ಆರಂಭಿಸಿದ್ದೂ ಅದಕ್ಕೇ. ಅಲ್ಲಿ ಎಂಜಿನಿಯರ್ ಆಸ್ಪತ್ರೆಯೊಳಗೇ ನಿಂತು ಕಲಿಯುತ್ತಾನೆ.

ಇನ್ನೊಂದು ವಿಷಯ: ಎಂ.ಟೆಕ್‌ಗೆ ಪಿಯುಸಿ ಮುಗಿಸಿ ನೇರವಾಗಿ ಸೇರಲಾಗದು. ಬಿ.ಇ. ಆಗಿರಬೇಕು, ಐಐಟಿಗಳಿಗೆ ಸಾಮಾನ್ಯವಾಗಿ ಗೇಟ್ ಅಂಕವೂ ಬೇಕು. ಗೇಟ್‌ನಲ್ಲಿ 2020ರಿಂದ ಬಯೋಮೆಡಿಕಲ್‌ಗೇ ಪ್ರತ್ಯೇಕ ಪತ್ರಿಕೆ ಇದೆ. ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರನ್ನೂ ಹಲವು ಕಡೆ ತೆಗೆದುಕೊಳ್ಳುತ್ತಾರೆ.